ಹಸಿದ ಕುದುರೆಗೆ ಹಿಡಿಯಷ್ಟು ಮೇವು

ಅಳತೆಪಟ್ಟಿ ದರ್ಜಿಯ ಅಂಗಡಿಯದು. ಅದನ್ನು ಹಿಡಿದಿರುವ ಹುಡುಗಿ ಬಿ.ಎಸ್ಸಿ. ಓದುತ್ತಾಳೆ. ಕುದುರೆಯ ಮುಂಗಾಲುಗಳ ಹಿಂದಿನಿಂದ ಪಟ್ಟಿಯನ್ನು ಎದೆಯ ಸುತ್ತ ತಂದು, ಹುಣ್ಣಿಗೆ ತಾಗದಂತೆ ತುಸು ಸರಿಸಿ, “ನೂರಾ ನಲವತ್ತು” ಎನ್ನುತ್ತಾಳೆ. ಇನ್ನೊಬ್ಬ ಭುಜದ ಮೂಳೆಯಿಂದ ಬಾಲದ ಬುಡದ ಮೂಳೆಯವರೆಗೆ ಅಳೆದು “ನೂರಾ ಮೂವತ್ತೈದು” ಎನ್ನುತ್ತಾನೆ. ಮೂರನೆಯವನು ಮೊಬೈಲ್ ತೆಗೆದು ಲೆಕ್ಕಕ್ಕೆ ಕೂರುತ್ತಾನೆ. ಎದೆಸುತ್ತಿನ ಸೆಂಟಿಮೀಟರುಗಳನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಬೇಕು. ಉತ್ತರ ಹೆಚ್ಚುಕಡಿಮೆ 223 ಕೆ.ಜಿ. ತೂಕದ ಯಂತ್ರವಿಲ್ಲದ ಊರಿನಲ್ಲಿ ಕುದುರೆಯ ಭಾರ ತಿಳಿಯುವ ದಾರಿ ಇದು. ಜಂತುಹುಳದ ಔಷಧಿಯಿರಲಿ, ನೋವಿನ ಚುಚ್ಚುಮದ್ದಿರಲಿ, ಭಾರ ಗೊತ್ತಿಲ್ಲದೆ ಕೊಡುವಂತಿಲ್ಲ. ಪಶುವೈದ್ಯರು ಸಂಖ್ಯೆ ಕೇಳಿ, ಹೆಣ್ಣುಕುದುರೆಯ ಬೆನ್ನನ್ನೊಮ್ಮೆ ನೋಡಿ, “ಈ ಎತ್ತರಕ್ಕೆ ಮುನ್ನೂರರ ಹತ್ತಿರ ಇರಬೇಕಿತ್ತು” ಎಂದಷ್ಟೇ ಹೇಳಿದರು.

ದಾವಣಗೆರೆಯ ವಿದ್ಯಾನಗರದ ಒಳರಸ್ತೆಯೊಂದರ ಕೊನೆಯ ಖಾಲಿ ನಿವೇಶನ ಇದು. ಮನೆ ಕಟ್ಟಲು ಇನ್ನೂ ಮನಸ್ಸು ಮಾಡದ ಮಾಲೀಕರು ಗೇಟಿನ ಕೀಲಿಯನ್ನು ಈ ಹುಡುಗರ ಕೈಗೆ ಕೊಟ್ಟಿದ್ದಾರೆ. ಮೂಲೆಯಲ್ಲಿ ಹೊಂಗೆಮರ. ಮರದಿಂದ ಕಾಂಪೌಂಡಿಗೆ ಎಳೆದು ಕಟ್ಟಿದ ಹಸಿರು ನೆರಳುಬಲೆ, ಅದರ ಮೇಲೆ ಆಷಾಢದ ತುಂತುರಿಗೆಂದು ಹೊದಿಸಿದ ಟಾರ್ಪಾಲು. ಅಡ್ಡಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ ನೀರು. ಪಕ್ಕದ ಮನೆಯ ನಲ್ಲಿಯಿಂದ ಬಂದ ಪೈಪು ಗೋಡೆ ಹಾರಿ ಡ್ರಮ್ಮಿಗೆ ಇಳಿದಿದೆ. ಸುತ್ತ ಕಾಲೇಜುಗಳು, ಹಾಸ್ಟೆಲುಗಳು, ಜೆರಾಕ್ಸ್ ಅಂಗಡಿಗಳು, ಬೆಳಿಗ್ಗೆ ಆರಕ್ಕೇ ಟ್ಯೂಷನ್‌ಗೆ ಓಡುವ ಮಕ್ಕಳು. ಇವರ ನಡುವೆ ಒಂದು ಕುದುರೆ ನಿಂತಿದೆ.

ಅದರ ಬಣ್ಣ ಕೆಂಪು ಎಂದು ತೊಳೆದ ಮೇಲೆ ತಿಳಿಯಿತು. ಕುತ್ತಿಗೆಯ ಮೇಲಂಚು ಕುಸಿದಿದೆ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು. ಸೊಂಟದ ಎರಡೂ ಮೂಳೆಗಳು ತೊಗಲನ್ನು ಒಳಗಿನಿಂದ ಎತ್ತಿ ಹಿಡಿದಿವೆ. ಕುದುರೆಯ ಮೈಕಟ್ಟನ್ನು 1ರಿಂದ 9ರವರೆಗೆ ಅಂಕ ಕೊಟ್ಟು ಅಳೆಯುವ ಪದ್ಧತಿಯನ್ನು 1983ರಲ್ಲಿ ಅಮೆರಿಕದ ಡಾನ್ ಹೆನೆಕೆ ರೂಪಿಸಿದರು. ಕುತ್ತಿಗೆ, ಹೆಗಲು, ಪಕ್ಕೆ, ಬೆನ್ನು, ಬಾಲದ ಬುಡವನ್ನು ಕೈಯಿಂದ ಒತ್ತಿ ನೋಡುವುದು ಇದರ ಕ್ರಮ. ಐದು ಸಿಕ್ಕರೆ ಚೆನ್ನಾಗಿದೆ ಎಂದರ್ಥ. ಇದಕ್ಕೆ ಸಿಕ್ಕಿದ್ದು ಎರಡು. ಮುಂಗಾಲುಗಳ ಮಣಿಕಟ್ಟಿನ ಸುತ್ತ ರೋಮವಿಲ್ಲ; ಅಲ್ಲಿ ನೈಲಾನ್ ಹಗ್ಗ ತೊಗಲನ್ನು ಕೊರೆದು ಮಾಂಸಕ್ಕೆ ಇಳಿದಿದೆ. ದೂರ ಹೋಗದಿರಲಿ ಎಂದು ಎರಡೂ ಮುಂಗಾಲು ಜೋಡಿಸಿ ಕಟ್ಟಿ ಮೇಯಲು ಬಿಟ್ಟ ಗುರುತು. ಹಾಗೆ ಕಟ್ಟಿದ ಕುದುರೆ ನಡೆಯಲಾರದು. ಪ್ರತಿ ಹೆಜ್ಜೆಗೂ ಮುಂಭಾಗವನ್ನೆತ್ತಿ ಕುಪ್ಪಳಿಸಬೇಕು. ನಾಯಿ ಅಟ್ಟಿಸಿಕೊಂಡು ಬಂದರೆ ಓಡಲಾರದು, ಲಾರಿ ಬಂದರೆ ಪಕ್ಕಕ್ಕೆ ಸರಿಯಲಾರದು.

ಬೀದಿ ಕುದುರೆ ಎಂದು ನಾವು ಹೇಳುವುದುಂಟು. ಬೀದಿಯಲ್ಲೇ ಹುಟ್ಟಿ ಬೀದಿಯಲ್ಲೇ ಬೆಳೆದ ಕುದುರೆ ನಮ್ಮ ಊರುಗಳಲ್ಲಿ ಅಪರೂಪ. ಕಸದ ರಾಶಿಯ ಹತ್ತಿರ ಪ್ಲಾಸ್ಟಿಕ್ ಚೀಲ ಹರಿಯುತ್ತಾ ನಿಂತಿರುವ ಕುದುರೆಗೂ ಒಬ್ಬ ಯಜಮಾನನಿರುತ್ತಾನೆ. ಮದುವೆಯ ದಿನಗಳಲ್ಲಿ ಅದಕ್ಕೆ ಜರಿಯ ಜೂಲು, ಹಣೆಗೆ ಕನ್ನಡಿ ಪಟ್ಟಿ, ಬೆನ್ನಿಗೆ ಮಖಮಲ್ಲಿನ ಜೀನು. ಬ್ಯಾಂಡಿನ ಅಬ್ಬರ, ಪಟಾಕಿ, ಜನರೇಟರಿನ ಬೆಳಕು, ಇವುಗಳ ನಡುವೆ ಮದುಮಗನನ್ನು ಹೊತ್ತು ಅಡಿಯಡಿಯಾಗಿ ನಡೆಯುತ್ತದೆ. ಆಷಾಢ ಬಂತು, ಮದುವೆಗಳು ನಿಂತವು. ಧನುರ್ಮಾಸದಲ್ಲಿ ಮತ್ತೊಮ್ಮೆ ನಿಲ್ಲುತ್ತವೆ. ದುಡಿಮೆಯಿಲ್ಲದ ತಿಂಗಳು ಕೂತು ತಿನ್ನುವ ಕುದುರೆಗೆ ಮೇವು ಎಲ್ಲಿಂದ ಬರಬೇಕು? ಕಾಲು ಕಟ್ಟಿ ಊರಿಗೆ ಬಿಡುತ್ತಾರೆ. ಶ್ರಾವಣಕ್ಕೆ ಹುಡುಕಿಕೊಂಡು ಬರುತ್ತಾರೆ, ಕುದುರೆ ಉಳಿದಿದ್ದರೆ.

ಈ ಕುದುರೆ ಬಿದ್ದಿದ್ದನ್ನು ಮೊದಲು ಕಂಡವರು ಹಾಲು ಹಾಕುವ ಹುಡುಗರು. ಅಲ್ಲಿಂದ ಒಬ್ಬರಿಗೊಬ್ಬರು ಕರೆ ಮಾಡಿಕೊಂಡು ಸೇರಿದವರು ಹಾಸ್ಟೆಲಿನ ಕೆಲವರು, ನಿವೃತ್ತ ಶಿಕ್ಷಕರೊಬ್ಬರು, ಔಷಧಿ ಅಂಗಡಿಯಲ್ಲಿ ದುಡಿಯುವ ಹೆಣ್ಣುಮಗಳು, ಒಬ್ಬ ಆಟೊ ಚಾಲಕ. 1962ಕ್ಕೆ ಕರೆ ಮಾಡಿದರೆ ಪಶುಸಂಗೋಪನೆ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನ ಬರುತ್ತದೆ ಎಂದು ತಿಳಿದಿದ್ದವರು ಆ ಆಟೊ ಚಾಲಕರೇ. ಅವರ ಮನೆಯಲ್ಲಿ ಎಮ್ಮೆಯಿದೆ. ವೈದ್ಯರು ಬರುವವರೆಗೂ ಕುದುರೆಯನ್ನು ಎಬ್ಬಿಸಲು ಯಾರೂ ಬಾಲ ಹಿಡಿದು ಎಳೆಯದಂತೆ ಶಿಕ್ಷಕರು ಕೈ ಅಡ್ಡ ಹಿಡಿದು ನಿಂತಿದ್ದರು.

ಬಿದ್ದ ಕುದುರೆಯ ಸುತ್ತ ಜನ ಸೇರಿದಾಗ ಮೊದಲು ಬರುವುದು ತಿನಿಸು. ವಿದ್ಯಾನಗರದ ಮನೆಗಳಲ್ಲಿ ಕರುಣೆಗೆ ಬರವಿಲ್ಲ. ಒಬ್ಬರು ರಾತ್ರಿ ಉಳಿದ ಅನ್ನ ತಂದರು, ಇನ್ನೊಬ್ಬರು ಚಪಾತಿಯ ಕಟ್ಟು. ಒಬ್ಬ ಅಜ್ಜಿ ಮೊರದ ತುಂಬ ಮೆಕ್ಕೆಜೋಳ ತಂದು ಕುದುರೆಯ ಬಾಯಿಯ ಮುಂದೆ ಸುರಿದರು. ಮೆಕ್ಕೆಜೋಳ ಈ ಜಿಲ್ಲೆಯ ದೊಡ್ಡ ಬೆಳೆ; ಮನೆಯಲ್ಲಿ ಚೀಲವಿರುತ್ತದೆ. ಔಷಧಿ ಅಂಗಡಿಯ ಹುಡುಗಿ ಓಡಿ ಬಂದು ಅದನ್ನು ಸೆರಗಿಗೆ ಬಳಿದುಕೊಂಡಳು. “ಹಾಕಬ್ಯಾಡ್ರಿ ಅಜ್ಜಿ, ಇದನ್ನ ತಿಂದ್ರ ಸತ್ತೋಗ್ತೈತಿ.” ಅಜ್ಜಿಗೆ ನಂಬಿಕೆಯಾಗಲಿಲ್ಲ. ಹಸಿದ ಪ್ರಾಣಿಗೆ ಕಾಳು ಹಾಕಿದರೆ ಸಾಯುತ್ತದೆಂದರೆ ಯಾರು ನಂಬುತ್ತಾರೆ?

ನಂಬಬೇಕಾದ ಮಾತು ಅದು. ಕುದುರೆಯ ಮೈ ದೊಡ್ಡದು, ಜಠರ ಬಹಳ ಸಣ್ಣದು. ಹಿಡಿಸುವುದು ಎಂಟರಿಂದ ಹದಿನೈದು ಲೀಟರು. ಹಸುವಿನಂತೆ ನಾಲ್ಕು ಕೋಣೆಯಿಲ್ಲ, ಮೆಲುಕಿಲ್ಲ. ಹೆಚ್ಚಾದದ್ದನ್ನು ವಾಂತಿ ಮಾಡಿ ಹೊರಹಾಕುವ ಶಕ್ತಿಯೂ ಅದಕ್ಕಿಲ್ಲ. ದಿನದ ಬಹುಪಾಲು ಹೊತ್ತು ಸ್ವಲ್ಪ ಸ್ವಲ್ಪವೇ ಹುಲ್ಲು ಮೇಯುತ್ತಿರುವುದಕ್ಕೆ ಕಟ್ಟಿದ ದೇಹ. ನಮ್ಮ ಊರಿನ ಮಂಡಕ್ಕಿ ಭಟ್ಟಿಯ ಒಲೆ ಇದ್ದಂತೆ ಅದರ ಹೊಟ್ಟೆ: ಉರುವಲನ್ನು ಹಿಡಿಹಿಡಿಯಾಗಿ ಬಿಡುತ್ತಲೇ ಇರಬೇಕು, ಒಮ್ಮೆಗೇ ತುರುಕಿದರೆ ಉರಿ ಆರುತ್ತದೆ. ಕಾಳು ಒಂದೇ ಸಲಕ್ಕೆ ಹೆಚ್ಚು ಹೋದರೆ ಅದರ ಪಿಷ್ಟ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಹುಲ್ಲನ್ನು ಹುದುಗಿಸಬೇಕಾದ ಸೂಕ್ಷ್ಮಜೀವಿಗಳು ಹುಳಿಯಲ್ಲಿ ಸಾಯುತ್ತವೆ, ವಿಷ ರಕ್ತಕ್ಕೆ ಸೇರುತ್ತದೆ. ಹೊಟ್ಟೆಶೂಲೆ ಹಿಡಿದು ಕುದುರೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಬದುಕಿದರೂ ಗೊರಸಿನೊಳಗಿನ ಪದರಗಳು ಉರಿದು ಎಲುಬು ಸಡಿಲವಾಗಿ, ಜೀವನವಿಡೀ ಕುಂಟಬೇಕಾದೀತು.

ತಿಂಗಳುಗಟ್ಟಲೆ ಉಪವಾಸ ಬಿದ್ದ ಕುದುರೆಗೆ ಇದರ ಮೇಲೊಂದು ಅಪಾಯವಿದೆ. ಹಸಿವಿನಲ್ಲಿ ದೇಹ ತನ್ನ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿಕೊಂಡು ಬದುಕುತ್ತಿರುತ್ತದೆ. ಹಠಾತ್ತನೆ ಪಿಷ್ಟ ಸಿಕ್ಕಾಗ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಉಳಿದಿದ್ದ ಚೂರುಪಾರು ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಜೀವಕೋಶಗಳೊಳಕ್ಕೆ ಸೆಳೆದು ಹೋಗಿ, ಹೃದಯವೂ ಉಸಿರಾಟವೂ ಸೋಲುತ್ತವೆ. ಊಟ ಸಿಕ್ಕ ಮೂರನೆಯ ದಿನವೋ ಐದನೆಯ ದಿನವೋ, ಇನ್ನೇನು ಚೇತರಿಸಿಕೊಂಡಿತು ಎನ್ನುವಾಗ ಕುದುರೆ ಸಾಯುತ್ತದೆ. ಎರಡನೆಯ ಮಹಾಯುದ್ಧದ ಕೊನೆಗೆ ಸೆರೆಶಿಬಿರಗಳಿಂದ ಬಿಡುಗಡೆಯಾದ ಮನುಷ್ಯರೂ ಹೀಗೆಯೇ ಸತ್ತದ್ದುಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಕ್ಯಾರೊಲಿನ್ ಸ್ಟಲ್ ಮತ್ತು ಸಂಗಡಿಗರು ಸೊರಗಿದ ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ನೋಡಿ, ಎಲ್ಲಕ್ಕಿಂತ ಕ್ಷೇಮವಾದದ್ದು ಲೂಸರ್ನ್ ಎಂದು ಕಂಡುಕೊಂಡರು. ಅದರಲ್ಲಿ ಪಿಷ್ಟ ಕಡಿಮೆ, ಸಾರ ಹೆಚ್ಚು. ನಮ್ಮ ರೈತರು ಅದನ್ನು ಕುದುರೆ ಮಸಾಲೆ ಸೊಪ್ಪು ಎನ್ನುತ್ತಾರೆ. ಒಣಗಿಸಿದ ಕುದುರೆ ಮಸಾಲೆ, ಒಂದು ಸಲಕ್ಕೆ ಅರ್ಧ ಕಿಲೋದಷ್ಟು, ನಾಲ್ಕು ಗಂಟೆಗೊಮ್ಮೆ, ಹಗಲೂ ರಾತ್ರಿಯೂ. ದಿನಗಳೆದಂತೆ ಹಿಡಿ ದೊಡ್ಡದಾಗಬೇಕು, ನಡುವಿನ ಅಂತರ ಉದ್ದವಾಗಬೇಕು. ಹುರುಳಿಯ ಮಾತು ಬಹಳ ಮುಂದಕ್ಕೆ.

ಹೊಂಗೆಮರಕ್ಕೆ ಹೊಡೆದ ಮೊಳೆಗೆ ಒಂದು ರಟ್ಟು ತೂಗುಬಿಟ್ಟಿದ್ದಾರೆ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು, ನಡುರಾತ್ರಿ ಎರಡು. ಪ್ರತಿ ಹೊತ್ತಿನ ಎದುರಿಗೂ ಒಂದು ಸಹಿ. ಸಹಿಯ ಪಕ್ಕ ಮೂರು ಕಲಂ: ಎಷ್ಟು ತಿಂದಿತು, ಎಷ್ಟು ನೀರು ಕುಡಿಯಿತು, ಲದ್ದಿ ಹಾಕಿತೇ. ಮೂರನೆಯ ಕಲಂ ಮೇಲೆ ಎಲ್ಲರಿಗೂ ಕಣ್ಣು. ಲದ್ದಿ ನಿಂತರೆ ಕರುಳು ನಿಂತಿತೆಂದು ಲೆಕ್ಕ. ಅದು ಬಿದ್ದ ಎರಡನೆಯ ದಿನ ಲದ್ದಿಯೊಂದಿಗೆ ಹಾಲಿನ ಪ್ಯಾಕೆಟ್ಟಿನ ತುಂಡೊಂದು ಹೊರಬಂದಾಗ ಆ ಹುಡುಗರು ಒಬ್ಬರನ್ನೊಬ್ಬರು ತಬ್ಬಿಕೊಂಡದ್ದನ್ನು ನಾನು ನೋಡಿದ್ದೇನೆ. ನಡುರಾತ್ರಿ ಎರಡರ ಸರದಿ ಹಾಸ್ಟೆಲಿನವರದ್ದು. ಪರೀಕ್ಷೆಗೆ ಓದುವವರು ಪುಸ್ತಕವನ್ನು ಇಲ್ಲಿಗೇ ತರುತ್ತಾರೆ. ಗೇಟಿನ ಎದುರಿನ ಬೀದಿದೀಪದ ಕೆಳಗೆ ಕುರ್ಚಿ, ಒಳಗೆ ಕುದುರೆ ಹುಲ್ಲು ಕಡಿಯುವ ಸದ್ದು.

ಈ ಕೆಲಸದ ಕಷ್ಟ ಕಾಯುವುದರಲ್ಲಿದೆ ಎಂದು ನನಗನ್ನಿಸುತ್ತದೆ. ಬಿದ್ದ ಪ್ರಾಣಿಯನ್ನು ಎತ್ತುವುದಕ್ಕೆ ಹತ್ತು ಜನ ಬರುತ್ತಾರೆ, ವಿಡಿಯೊ ಮಾಡುವುದಕ್ಕೆ ಇಪ್ಪತ್ತು ಜನ. ಹಸಿದ ಕಣ್ಣಿನ ಮುಂದೆ ಬೊಗಸೆ ತುಂಬ ಮೇವು ಹಿಡಿದು ನಿಂತು, ಅದು ಕೆನೆದು ಕೇಳಿದರೂ ಕೊಡದೆ ಇನ್ನು ಎರಡು ಗಂಟೆ ಕಾಯುವುದಕ್ಕೆ ಬೇರೆಯದೇ ಪ್ರೀತಿ ಬೇಕು. ಮೆಕ್ಕೆಜೋಳ ತಂದ ಅಜ್ಜಿ ಈಗ ಬೆಳಗಿನ ಹತ್ತರ ಸರದಿಯಲ್ಲಿದ್ದಾರೆ. ತಕ್ಕಡಿಯಲ್ಲಿ ತೂಗಿಯೇ ಹಾಕುತ್ತಾರೆ. ಬೇರೆ ಯಾರಾದರೂ ಚಪಾತಿ ತಂದರೆ ಗೇಟಿನಲ್ಲೇ ತಡೆಯುವವರು ಈಗ ಅವರೇ.

ಗಾಯ ತೊಳೆಯುವುದು ಸಂಜೆ. ಉಪ್ಪುನೀರು, ಹತ್ತಿ, ಮುಲಾಮು, ನೊಣ ಕೂರದ ಹಾಗೆ ಸುತ್ತಲೂ ಹಚ್ಚುವ ಎಣ್ಣೆ. ಎಲ್ಲರ ಕೈಯಲ್ಲೂ ಕೈಗವಸು. ಕುದುರೆಯ ಮೂಗಿನಿಂದ ದಪ್ಪ ಕೀವು ಸೋರುತ್ತಿದ್ದರೆ, ಮೈಮೇಲೆ ಗಂಟು ಎದ್ದು ಒಡೆಯುತ್ತಿದ್ದರೆ ಯಾರೂ ಮುಟ್ಟಬಾರದು ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯರಿಗೂ ಹತ್ತುತ್ತದೆ. ಅದರ ರಕ್ತಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ; ರೋಗ ಖಚಿತವಾದರೆ ಕುದುರೆಗೆ ಚಿಕಿತ್ಸೆಯಿಲ್ಲ, ನೋವಿಲ್ಲದ ಸಾವು ಮಾತ್ರ. ಕುದುರೆಗಳಿಗೆ ಧನುರ್ವಾಯು ಬಹಳ ಬೇಗ ತಗಲುವುದರಿಂದ ಈ ಕುದುರೆಗೂ ಅದರ ಚುಚ್ಚುಮದ್ದು ಆಯಿತು, ಹುಡುಗರಿಗೂ ಆಯಿತು.

ಒಂದು ಮಧ್ಯಾಹ್ನ ಅದು ತಾನಾಗಿ ಮಲಗಿತು. ಸುದ್ದಿ ಹಬ್ಬಿ ಎಲ್ಲರೂ ಗಾಬರಿಯಿಂದ ಓಡಿ ಬಂದರು. ಬಿದ್ದಿರಲಿಲ್ಲ. ಕಾಲು ಮಡಚಿ, ಮೂತಿಯನ್ನು ಒಣಹುಲ್ಲಿಗೆ ಊರಿ ನಿದ್ದೆ ಮಾಡುತ್ತಿತ್ತು. ಕುದುರೆ ನಿಂತೇ ತೂಕಡಿಸಬಲ್ಲದು, ಗಾಢನಿದ್ರೆಗೆ ಮಾತ್ರ ನೆಲಕ್ಕೆ ಒರಗಲೇಬೇಕು. ಒರಗುವುದು ಸುತ್ತ ಭಯವಿಲ್ಲ ಎನಿಸಿದಾಗ. ಟ್ಯೂಷನ್ ಮಕ್ಕಳು ಗೋಡೆಯ ಮೇಲಿಂದ ಇಣುಕಿ, ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿರುಗಿದರು.

ಗೊರಸು ಕೆತ್ತಿಸಲು ಲಾಳ ಕಟ್ಟುವವರು ಬೇಕು; ಅವರು ಈಗ ವಿರಳ. ದಾವಣಗೆರೆಯಲ್ಲಿ ಹತ್ತಿಗಿರಣಿಗಳ ಕಾಲದಲ್ಲಿ ಎಷ್ಟು ಟಾಂಗಾ ಇದ್ದವೋ ಅಷ್ಟೂ ಕುದುರೆಗಳ ಕಾಲಿಗೆ ಕಬ್ಬಿಣ ಹೊಡೆಯುವವರಿದ್ದರು. ಟಾಂಗಾ ಹೋದವು, ಆಟೊ ಬಂದವು. ಉಳಿದ ಒಬ್ಬ ಮುದುಕರು ಹರಿಹರದಿಂದ ಬರುತ್ತಾರೆ. ಚರ್ಮದ ಚೀಲದಲ್ಲಿ ಬಾಗಿದ ಚಾಕು, ಇಕ್ಕಳ, ಉದ್ದನೆಯ ಅರ. ಕುದುರೆಯ ಪಕ್ಕ ನಿಂತು ಮೊದಲು ಅದರ ಹೆಗಲಿಗೆ ತಮ್ಮ ಹೆಗಲು ಒರಗಿಸಿ ಸುಮ್ಮನೆ ನಿಲ್ಲುತ್ತಾರೆ. ಅದರ ಉಸಿರು ತಗ್ಗಿದ ಮೇಲೆ ಕೈಯನ್ನು ಹೆಗಲಿಂದ ಮೊಣಕಾಲಿಗೆ, ಅಲ್ಲಿಂದ ಮಣಿಕಟ್ಟಿಗೆ ಜಾರಿಸುತ್ತಾರೆ. ಕಾಲು ತಾನಾಗಿ ಮೇಲೆದ್ದು ಅವರ ತೊಡೆಗಳ ನಡುವೆ ಕೂರುತ್ತದೆ. ಅತಿಯಾಗಿ ಬೆಳೆದ ಗೊರಸು ಮುಂದಕ್ಕೆ ಚಾಚಿ ಸೊಟ್ಟಗೆ ತಿರುಗಿದೆ. ಅಂಗಾಲಿನ ತ್ರಿಕೋನ ಮೆತ್ತೆ ಕೊಳೆತು ಕಪ್ಪಗೆ ನಾರುತ್ತಿದೆ. ಒಂದೇ ದಿನ ಎಲ್ಲ ಕತ್ತರಿಸಬಾರದು ಎನ್ನುತ್ತಾರೆ. ಸೊಟ್ಟ ಗೊರಸಿಗೆ ಒಗ್ಗಿದ ಸ್ನಾಯುರಜ್ಜುಗಳು ಒಮ್ಮೆಲೇ ನೇರವಾದರೆ ಎಳೆದು ನೋಯುತ್ತವೆ. ಇವತ್ತು ಬೆರಳಗಲ, ತಿಂಗಳು ಬಿಟ್ಟು ಇನ್ನು ಬೆರಳಗಲ. ಆರೋಗ್ಯವಾಗಿರುವ ಕುದುರೆಗಾದರೂ ಆರೇಳು ವಾರಕ್ಕೊಮ್ಮೆ ಗೊರಸು ಕೆತ್ತಿಸಲೇಬೇಕು. ಅರದಿಂದ ಉದುರಿದ ಪುಡಿಯನ್ನು ಬಿ.ಎಸ್ಸಿ. ಹುಡುಗಿ ಕೈಯಲ್ಲಿ ಹಿಡಿದು ನೋಡುತ್ತಾಳೆ. ಮುದುಕರು ಎರಡನೆಯ ಸಲ ಬಂದಾಗ ಅರವನ್ನು ಅವಳ ಕೈಗೇ ಕೊಟ್ಟು ತಾವು ಕಾಲು ಹಿಡಿದರು.

ಯಜಮಾನ ಬಂದೇ ಬಂದ. ಜಗಳಕ್ಕೆ ಸಿದ್ಧವಾಗಿದ್ದ ಹುಡುಗರ ಮುಂದೆ ಒಬ್ಬ ಅರವತ್ತು ದಾಟಿದ ಮನುಷ್ಯ, ಮಾಸಿದ ಲುಂಗಿ, ಕೈಯಲ್ಲೊಂದು ಹಗ್ಗ. ಅವನನ್ನು ಕಂಡು ಕುದುರೆ ಕೆನೆಯಿತು. ಅದೊಂದು ಕೆನೆತ ಎಲ್ಲರನ್ನೂ ಗೊಂದಲಕ್ಕೆ ಕೆಡವಿತು. ಹಿಂಸೆ ಕೊಟ್ಟವನನ್ನು ಕಂಡು ಪ್ರಾಣಿ ಹೀಗೆ ಕರೆಯುತ್ತದೆಯೇ? “ಮರಿಯಿದ್ದಾಗ ತಂದಿದ್ದು. ನಮ್ಮಪ್ಪ ಟಾಂಗಾ ಹೊಡೀತಿದ್ರು ಸ್ಟೇಷನ್ ಮುಂದೆ. ಈಗ ಮದುವಿ ಇಲ್ದಾಗ ಇದಕ್ಕೇನು ಹಾಕ್ಲಿ? ಮನ್ಯಾಗ ನಮಗ ಹಾಕೋರು ಯಾರು?” ಎಂದು ಅವನು ಗೇಟಿನ ಹೊರಗೇ ಕುಕ್ಕರಗಾಲಲ್ಲಿ ಕೂತ.

ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಗೆ ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ಮೊದಲ ತಪ್ಪಿಗೆ ಕಾಯ್ದೆ ಹೇಳುವ ದಂಡ 10 ರೂಪಾಯಿಯಿಂದ 50 ರೂಪಾಯಿ. 1965ರ ನಿಯಮಗಳು ಇನ್ನಷ್ಟು ವಿವರವಾಗಿವೆ: ಗಾಡಿಗೂ ಹೇರಿಗೂ ಹೂಡಿದ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು, ಮುಳ್ಳಿನ ಕಡಿವಾಣ ಹಾಕಬಾರದು. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ನಿಂತು ಈ ನಿಯಮ ಓದಿದವರಿಗೆ ಇದು ನಮ್ಮ ಊರಿಗೆಂದೇ ಬರೆದದ್ದು ಎನಿಸುತ್ತದೆ. ಕೇಸು ಹಾಕಬಹುದಿತ್ತು. ಹಾಕಿದ್ದರೆ ಕುದುರೆ ಪ್ರಕರಣ ಮುಗಿಯುವವರೆಗೆ ಯಾವುದಾದರೂ ಆಶ್ರಯಧಾಮಕ್ಕೆ ಹೋಗಬೇಕಿತ್ತು; ಕುದುರೆಗೆ ಜಾಗವಿರುವ ಆಶ್ರಯಧಾಮ ಹತ್ತಿರದಲ್ಲೆಲ್ಲೂ ಇಲ್ಲ. ಉದ್ದೇಶಪೂರ್ವಕವಾಗಿ ಹೊಡೆದು ಬಡಿದು ಕೊಲ್ಲುವವರ ಮೇಲೆ ಕೇಸು ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಇವನ ಮಾತು ಬೇರೆ. ಹಸಿವು ಇಬ್ಬರಿಗೂ ಇತ್ತು. ಕಾಲು ಕಟ್ಟುವ ಹಗ್ಗವನ್ನು ಶಿಕ್ಷಕರು ಅವನ ಕೈಯಿಂದ ತೆಗೆದುಕೊಂಡರು. ಸಂಜೆ ಆರರ ಸರದಿಯನ್ನು ಅವನಿಗೇ ಬಿಟ್ಟುಕೊಟ್ಟರು. ಸಹಿ ಹಾಕಲು ಬರದ ಅವನ ಹೆಬ್ಬೆಟ್ಟಿನ ಗುರುತು ಈಗ ಆ ರಟ್ಟಿನ ಮೇಲೆ ಸಾಲಾಗಿ ಇದೆ.

ಕೈರೋದಲ್ಲಿ ಡೊರೊಥಿ ಬ್ರೂಕ್ ಎಂಬ ಹೆಣ್ಣುಮಗಳಿಗೂ ಇದೇ ಅರಿವಾಗಿತ್ತು. 1930ರಲ್ಲಿ ಗಂಡನೊಂದಿಗೆ ಈಜಿಪ್ಟಿಗೆ ಬಂದ ಆಕೆ, ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ಅಲ್ಲೇ ಮಾರಿ ಹೋದ ಕುದುರೆಗಳು ಕಲ್ಲುಗಣಿಗಳಲ್ಲಿ, ಗಾಡಿಗಳಲ್ಲಿ ಮುದಿಯಾಗಿ ಕುರುಡಾಗಿ ದುಡಿಯುತ್ತಿರುವುದನ್ನು ಕಂಡರು. ಲಂಡನ್ನಿನ ಪತ್ರಿಕೆಗೆ ಬರೆದರು, ಹಣ ಬಂತು, ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡರು. ಬಹುತೇಕ ಕುದುರೆಗಳ ಸ್ಥಿತಿ ಗುಣವಾಗುವ ಹಂತ ದಾಟಿತ್ತು. ಅವಕ್ಕೆ ಸಿಕ್ಕಿದ್ದು ಕೆಲವು ದಿನ ಮೆತ್ತನೆಯ ಹುಲ್ಲಿನ ಹಾಸು, ಹೊಟ್ಟೆಗಷ್ಟು ಮೇವು, ನಂತರ ನೋವಿಲ್ಲದ ಸಾವು. 1934ರಲ್ಲಿ ಆಕೆ ತೆರೆದ ಆಸ್ಪತ್ರೆ ಬಡವರ ಕುದುರೆ ಕತ್ತೆಗಳಿಗೆ ಉಚಿತ ಚಿಕಿತ್ಸೆ ಕೊಟ್ಟಿತು. ಕುದುರೆಯನ್ನು ಕೊಂಡರೆ ಒಂದು ಕುದುರೆ ಉಳಿಯುತ್ತದೆ, ಯಜಮಾನನ ಜೊತೆ ನಿಂತರೆ ಅವನು ಮುಂದೆ ಸಾಕುವ ಕುದುರೆಗಳೂ ಉಳಿಯುತ್ತವೆ. ಆ ಯುದ್ಧಭೂಮಿಯಲ್ಲಿ ನಮ್ಮವರೂ ಇದ್ದರು. ಮೈಸೂರು ಲ್ಯಾನ್ಸರ್ಸ್ ಅಶ್ವದಳ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಕಾದಾಡಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಹೈಫಾ ನಗರವನ್ನು ಗೆದ್ದಿತು. ಸವಾರರ ಹೆಸರನ್ನು ಸ್ಮಾರಕಗಳು ಹೇಳುತ್ತವೆ. ಅವರನ್ನು ಹೊತ್ತು ಗುಂಡಿನೆದುರು ಓಡಿದ ಜೀವಗಳನ್ನೂ ಆ ದಿನ ನೆನೆಯಬೇಕೆಂದು ನನ್ನ ಆಸೆ.

ಕರ್ನಾಟಕದ ಪ್ರಾಣಿದಯೆಯ ಕಥೆಯಲ್ಲೂ ಒಂದು ಕುದುರೆಯಿದೆ. 1959ರಲ್ಲಿ ದೆಹಲಿಯಲ್ಲಿ ರಸ್ತೆಬದಿ ಸಾಯುತ್ತಿದ್ದ ಕುದುರೆಯ ಕಣ್ಣನ್ನು ಕಾಗೆಗಳು ಕುಕ್ಕುತ್ತಿರುವುದನ್ನು ಕಂಡ ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆ ಮುಂದಿನ ಪ್ರಯಾಣ ಬಿಟ್ಟು ಇಲ್ಲೇ ಉಳಿದರು. ದೆಹಲಿ, ಜೈಪುರಗಳಲ್ಲಿ ಆಶ್ರಯಧಾಮ ಕಟ್ಟಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಎಂಬ ಸಂಸ್ಥೆ ಶುರು ಮಾಡಿದರು. ಬೆಂಗಳೂರಿನ ಎಷ್ಟೋ ಸ್ವಯಂಸೇವಕರು ಗಾಯಕ್ಕೆ ಕಟ್ಟು ಹಾಕಲು ಕಲಿತದ್ದು ಅಲ್ಲಿ. ನೀಲಗಿರಿಯ ಮಸಿನಗುಡಿ ಹತ್ತಿರ ಮಾವಿನಹಳ್ಳದಲ್ಲಿ ಕತ್ತೆ ಕುದುರೆಗಳಿಗೆ ಕೊನೆಗಾಲದ ನೆಲೆಯಿದೆ. ಸಾಂಗ್ಲಿ, ಸೊಲ್ಲಾಪುರದ ಕಡೆ, ಕನ್ನಡ ಮರಾಠಿ ಎರಡೂ ಕೇಳಿಸುವ ಊರುಗಳಲ್ಲಿ, ‘ಅನಿಮಲ್ ರಾಹತ್’ 2003ರಿಂದ ದುಡಿಯುವ ಎತ್ತು, ಕುದುರೆ, ಕತ್ತೆಗಳಿಗೆ ಚಿಕಿತ್ಸೆ ಕೊಡುತ್ತಿದೆ; ಇಟ್ಟಿಗೆ ಭಟ್ಟಿಗಳಲ್ಲಿ ಕತ್ತೆಯ ಬದಲು ಟ್ರ್ಯಾಕ್ಟರ್ ಬರುವಂತೆ ಮಾಲೀಕರನ್ನು ಒಪ್ಪಿಸಿದೆ. ನಮ್ಮ ಭಾಗಕ್ಕೆ ಅಂಥದ್ದೊಂದು ಬರಬೇಕಾಗಿದೆ. ಬರುವವರೆಗೆ ಖಾಲಿ ನಿವೇಶನವೂ ನೆರಳುಬಲೆಯೂ ಇವೆ.

ಹರಿಹರದಲ್ಲೂ ಒಂದು ವಿದ್ಯಾನಗರವಿದೆ. ಅಲ್ಲಿನ ಕೆಲವು ಹುಡುಗರಿಗೆ ಇಲ್ಲಿಯವರ ಪರಿಚಯವಾಗಿದ್ದು ಲಾಳದ ಮುದುಕರಿಂದ. ಹರಿಹರದ ಹುಡುಗರು ಇವರನ್ನು ಕರೆದದ್ದು ಕತ್ತೆಗಳಿಗಾಗಿ. ತುಂಗಭದ್ರೆಯ ದಂಡೆಗೆ ಹೋದರೆ ನದಿ, ಸೇತುವೆ, 1224ರ ಸುಮಾರಿಗೆ ಹೊಯ್ಸಳರ ಪೊಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಎಲ್ಲ ಕಣ್ಣಿಗೆ ಬೀಳುತ್ತವೆ. ಕತ್ತೆ ಕಣ್ಣಿಗೆ ಬೀಳುವುದಿಲ್ಲ. ಬಿಸಿಲಿನಲ್ಲಿ ಗೋಡೆಗೆ ಒತ್ತಿ, ಕಿವಿ ಹಿಂದಕ್ಕೆ ಬಿಟ್ಟು, ಕದಲದೆ ನಿಂತ ಬೂದು ಪ್ರಾಣಿ ಗೋಡೆಯ ಭಾಗವೇ ಆಗಿಬಿಟ್ಟಿರುತ್ತದೆ. ಮಳೆ ತಪ್ಪಿದ ವರ್ಷ ನಮ್ಮ ಹಳ್ಳಿಗಳಲ್ಲಿ ಎರಡು ಕತ್ತೆಗಳಿಗೆ ಬಾಸಿಂಗ ಕಟ್ಟಿ, ಅರಿಶಿನ ಹಚ್ಚಿ, ಮೆರವಣಿಗೆ ಮಾಡಿ ಮದುವೆ ಮಾಡುತ್ತಾರೆ. ಮಳೆರಾಯನಿಗೆ ಮೊರೆ ಮುಟ್ಟಿಸಬಲ್ಲ ಜೀವ ಎಂದು ನಂಬಿದ ಜನ ನಾವು. ಅದೇ ನಂಬಿಕೆ ಉಳಿದ ದಿನಗಳಲ್ಲೂ ಅದರ ಬೆನ್ನಿನ ಹುಣ್ಣನ್ನು ನೋಡುವಂತೆ ಮಾಡಬೇಕಲ್ಲವೇ?

ಕತ್ತೆ ನೋವನ್ನು ತೋರಿಸುವುದಿಲ್ಲ. ಕುದುರೆ ಹೊಟ್ಟೆನೋವಿಗೆ ಹೊರಳಾಡಿದರೆ ಕತ್ತೆ ತಲೆ ತಗ್ಗಿಸಿ ನಿಲ್ಲುತ್ತದೆ, ಅಷ್ಟೆ. ಅದನ್ನು ಮೊಂಡುತನ ಎಂದು ತಿಳಿದು ಹೊಡೆಯುತ್ತಾರೆ. ಮೇವು ಬಿಟ್ಟ ಕತ್ತೆಯ ಮೈಕೊಬ್ಬು ರಕ್ತಕ್ಕೆ ಹರಿದು ಕೆಲವೇ ದಿನಗಳಲ್ಲಿ ಯಕೃತ್ತು ಕೆಡುತ್ತದೆ. ಜೊತೆಗಾರ ಕತ್ತೆಯಿಂದ ಅಗಲಿಸಿದರೂ ಮೇವು ಬಿಡುತ್ತದೆ. ಅದಕ್ಕೇ ಚಿಕಿತ್ಸೆಗೆ ತರುವಾಗ ಜೋಡಿಯನ್ನೇ ತರಬೇಕು.

ದೇಶದಲ್ಲಿ ಅವುಗಳ ಸಂಖ್ಯೆ ಕುಸಿಯುತ್ತಿದೆ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ಶೇ 61ರಷ್ಟು ಕತ್ತೆಗಳು ಇಲ್ಲವಾಗಿ, ಉಳಿದದ್ದು ಸುಮಾರು 1.2 ಲಕ್ಷ. ಯಂತ್ರಗಳು ಬಂದದ್ದು ಒಂದು ಕಾರಣ. ಚೀನಾದಲ್ಲಿ ಔಷಧಿಯೆಂದು ಕುದಿಸುವ ಅಂಟಿಗಾಗಿ ಜಗತ್ತಿನ ಎಲ್ಲೆಡೆಯಿಂದ ಕತ್ತೆಯ ಚರ್ಮ ಹೋಗುತ್ತಿರುವುದು ಇನ್ನೊಂದು ಕಳವಳ. ಆಫ್ರಿಕಾ ಒಕ್ಕೂಟ 2024ರ ಫೆಬ್ರುವರಿಯಲ್ಲಿ ಆ ಚರ್ಮದ ವ್ಯಾಪಾರವನ್ನೇ ನಿಲ್ಲಿಸುವ ತೀರ್ಮಾನ ಮಾಡಿತು. ನಮ್ಮಲ್ಲಿ ಆಸೆ ಹುಟ್ಟಿದ್ದು ಹಾಲಿನ ಮೇಲೆ. ಮರಿಯೊಂದಿಗೆ ಕತ್ತೆಯನ್ನು ಮನೆಮನೆಗೆ ಹೊಡೆದುಕೊಂಡು ಬಂದು, ಕೂಸುಗಳಿಗೆಂದು ಒಳಲೆಯಷ್ಟು ಹಾಲು ಕರೆದು ಕೊಡುವುದು ಹಳೆಯ ರೂಢಿ. 2024ರಲ್ಲಿ ಹೊಸಪೇಟೆಯಲ್ಲಿ ಕಚೇರಿ ತೆರೆದಿದ್ದ ಕಂಪನಿಯೊಂದು, ಹಾಲನ್ನು ಲೀಟರಿಗೆ ಸಾವಿರಾರು ರೂಪಾಯಿಗೆ ಕೊಳ್ಳುವ ಭರವಸೆಯಿತ್ತು ರೈತರಿಗೆ ಲಕ್ಷಗಟ್ಟಲೆ ಬೆಲೆಗೆ ಕತ್ತೆ ಮಾರಿ ಬಾಗಿಲು ಮುಚ್ಚಿತು, ವಂಚನೆಯ ದೂರುಗಳು ದಾಖಲಾದವು. ರೈತರ ಕಣ್ಣೀರು ಪತ್ರಿಕೆಗಳಲ್ಲಿ ಬಂತು, ಬರಲೇಬೇಕಿತ್ತು. ಕೊಳ್ಳುವವರಿಲ್ಲದ ಆ ಕತ್ತೆಗಳು, ಅವುಗಳ ಮರಿಗಳು ಯಾರ ಹೊಲದಲ್ಲಿ ಏನು ತಿಂದು ನಿಂತಿವೆಯೋ ಎಂಬ ಚಿಂತೆ ಆ ಸುದ್ದಿ ಓದಿದಾಗಿನಿಂದ ನನ್ನನ್ನು ಬಿಟ್ಟಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹರಿಹರದಲ್ಲಿ ನದಿಯ ದಂಡೆಯ ಮೇಲೆ ಹುಡುಗರು ಪ್ಲಾಸ್ಟಿಕ್ ಹಾಳೆ ಹಾಸಿ, ಔಷಧಿ ಹರವಿ, ಕತ್ತೆ ಸಾಕುವವರನ್ನು ಕರೆದರು. ಮೊದಲ ತಾಸು ಯಾರೂ ಬರಲಿಲ್ಲ. ಆಮೇಲೆ ಬಂದದ್ದು ದಾವಣಗೆರೆಯ ಆ ಕುದುರೆಯ ಯಜಮಾನ, ಐದು ಕತ್ತೆಗಳನ್ನೂ ಅವುಗಳ ಒಡೆಯರನ್ನೂ ಕರೆದುಕೊಂಡು. ಹುಡುಗರ ಮಾತಿಗೆ ಬಾರದವರು ಅವನ ಮಾತಿಗೆ ಬಂದಿದ್ದರು. ಬೆನ್ನಿನ ಹುಣ್ಣು ತೊಳೆದು, ಹೇರಿನ ಕೆಳಗೆ ಹಾಸಲು ಹಳೆಯ ಕಂಬಳಿಯನ್ನು ಮಡಚಿ ಹೊಲಿದ ಮೆತ್ತೆ ಕೊಟ್ಟರು. ನಡುವಿನಲ್ಲಿ ಬೆನ್ನುಮೂಳೆಗೆ ತಾಗದಂತೆ ಖಾಲಿ ಬಿಟ್ಟ ಮೆತ್ತೆ. ಕತ್ತೆಯ ಮೇಲೆ ಹೇರಬಹುದಾದ ಗರಿಷ್ಠ ಭಾರ 50 ಕೆ.ಜಿ. ಎಂದು 1965ರ ನಿಯಮ ಹೇಳುತ್ತದೆ. ಸಿಮೆಂಟ್ ಚೀಲವೊಂದಕ್ಕೆ ಒದ್ದೆ ಮರಳು ತುಂಬಿದರೆ ಅದೊಂದೇ ಈ ಮಿತಿ ದಾಟುತ್ತದೆ. ಇಟ್ಟಿಗೆಗಳಲ್ಲಿ ಲೆಕ್ಕ ಸುಲಭ: ಒಂದು ಇಟ್ಟಿಗೆ ಮೂರು ಕಿಲೋ ಎಂದರೂ ಪಕ್ಕಕ್ಕೆ ಎಂಟರಂತೆ ಹದಿನಾರು. ಶಿಕ್ಷಕರು ಅದನ್ನು ಸೀಮೆಸುಣ್ಣದಲ್ಲಿ ಬಂಡೆಯ ಮೇಲೆ ಬರೆದು ತೋರಿಸಿದರು.

“ಹದಿನಾರಕ್ಕ ಒಪ್ಪಂಗಿಲ್ರಿ ಭಟ್ಟಿಯವ್ರು. ಖೇಪಿನ ಲೆಕ್ಕದಾಗ ದುಡ್ಡು ಕೊಡ್ತಾರ, ಖೇಪು ದೊಡ್ಡದಿರಬೇಕು ಅಂತಾರ” ಎಂದ ಕತ್ತೆಯವರಲ್ಲೊಬ್ಬ. ಹಾಗಾದರೆ ಖೇಪಿನ ಬದಲು ಇಟ್ಟಿಗೆಯ ಲೆಕ್ಕದಲ್ಲಿ ಕೂಲಿ ಕೊಡಲಿ; ಸಣ್ಣ ಹೇರು, ಹೆಚ್ಚು ಸಲ, ಕೂಲಿ ಅಷ್ಟೇ ಎಂಬ ಮಾತು ಬಂತು. ಸಣ್ಣ ಹೇರಿನಲ್ಲಿ ಕತ್ತೆ ಎಡವುವುದು ಕಡಿಮೆ, ಇಟ್ಟಿಗೆ ಒಡೆಯುವುದೂ ಕಡಿಮೆ ಎಂದು ಲಾಳದ ಮುದುಕರು ಸೇರಿಸಿದರು. ಭಟ್ಟಿಯವರಿಗೆ ಹೇಳಬೇಕಾದದ್ದು ಇದೇ ಎಂದು ಎಲ್ಲರಿಗೂ ಅನ್ನಿಸಿತು. ಯಾರು ಹೋಗಿ ಮಾತಾಡುವುದೆಂದು ಚರ್ಚೆಯಾಗಿ, ಶಿಕ್ಷಕರೂ ಕುದುರೆಯ ಯಜಮಾನನೂ ಕತ್ತೆಯವರಲ್ಲಿ ಇಬ್ಬರೂ ಹೋಗುವುದೆಂದಾಯಿತು. ಒಬ್ಬ ಭಟ್ಟಿಯವರು ಒಪ್ಪಿದ್ದಾರೆ. ಇನ್ನಿಬ್ಬರು ಮಳೆಗಾಲ ಮುಗಿದು ಭಟ್ಟಿ ಹೊತ್ತಿಸುವಾಗ ಬನ್ನಿ ಎಂದಿದ್ದಾರೆ. ಆ ಹೊತ್ತಿಗೆ ಇಲ್ಲಿ ರಸ್ತೆಗಳ ಮೇಲೆ ಮೆಕ್ಕೆಜೋಳ ಒಣಹಾಕುವ ಕಾಲವೂ ಬಂದಿರುತ್ತದೆ; ಬಿಟ್ಟ ಕುದುರೆಗಳು ಅದನ್ನು ಮುಕ್ಕದಂತೆ ಕಾಯುವ ಸರದಿಯ ಪಟ್ಟಿಯನ್ನು ಬಿ.ಎಸ್ಸಿ. ಹುಡುಗಿ ಈಗಲೇ ಬರೆಯಲು ಶುರು ಮಾಡಿದ್ದಾಳೆ. ಹೆಸರು ಕೊಡುವವರು ಸಂಜೆ ಆರರ ನಂತರ ಹೊಂಗೆಮರದ ಹತ್ತಿರ ಬಂದರೆ ಸಿಗುತ್ತಾಳೆ.